ತಜ್ಞರ ಮುಂದೆ ಪ್ರಶ್ನಿಸಲು ಕಲಿಯೋಣ

(ವಿದ್ಯಾರ್ಥಿ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವಿಜ್ಞಾನ, ಸಮಾಜ ಮತ್ತು ವಿಮರ್ಶಾತ್ಮಕ ಚಿಂತನೆ ಎಂಬ ವಿಷಯದಲ್ಲಿ ಮಾತನಾಡಲು ತಾವು ನಮ್ಮನ್ನು ಆಹ್ವಾನಿಸಿದ್ದೀರಿ. ನಾವು ವಿಜ್ಞಾನಿಯಲ್ಲ. ಮದ್ರಸದಲ್ಲಿ ಕಲಿತು, ಬಳಿಕ ಕಲಾ ಪದವಿ ಪಡೆದು, ಪತ್ರಿಕೆಗೆ ಬರೆಯುತ್ತಾ ಬಂದವರು. ತಜ್ಞರ ಮುಂದೆ ಕುಳಿತು ಪ್ರಶ್ನೆ ಕೇಳುವುದು ನಮ್ಮ ವೃತ್ತಿ. ಆ ಅನುಭವದ ಮಿತಿಯೊಳಗೆ ಕೆಲವು ವಿಚಾರಗಳನ್ನು ತಮ್ಮ ಮುಂದಿಡಲು ಬಯಸುತ್ತೇವೆ.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ವೃತ್ತಿಯ ಆರಂಭದ ದಿನಗಳಲ್ಲಿ ಮಕ್ಕಳ ವೈದ್ಯರೊಬ್ಬರನ್ನು ಸಂದರ್ಶಿಸಲು ಹೋಗಿದ್ದೆವು. ಲೇಖನದ ಶೀರ್ಷಿಕೆ ಅದಾಗಲೇ ತಲೆಯಲ್ಲಿ ಸಿದ್ಧವಾಗಿತ್ತು. ಜನರ ಅಜ್ಞಾನವೇ ಲಸಿಕೆಗೆ ಅಡ್ಡಿ ಎಂಬ ಒಂದು ವಾಕ್ಯ ಅವರ ಬಾಯಿಯಿಂದ ಬಂದರೆ ನಮಗೆ ಸಾಕಿತ್ತು. ಆದರೆ ಅವರು ಹೇಳಿದ್ದೇ ಬೇರೆ. ತನ್ನೊಡನೆ ವಾದಿಸುವ ತಾಯಿಯ ಬಗ್ಗೆ ತನಗೆ ಚಿಂತೆಯಿಲ್ಲ, ಆಕೆ ಮತ್ತೆ ಬರುತ್ತಾಳೆ. ಎಲ್ಲದಕ್ಕೂ ತಲೆಯಾಡಿಸಿ ಹೋಗಿ ಮತ್ತೆಂದೂ ಬಾರದ ತಾಯಿಯ ಬಗ್ಗೆಯೇ ತನಗೆ ಚಿಂತೆ ಎಂದರು. ಪ್ರಶ್ನೆ ಕೇಳುವವರು ವಿಜ್ಞಾನದ ವಿರೋಧಿಗಳು ಎಂದು ನಾವು ಭಾವಿಸಿದ್ದೆವು. ಕೇಳದೆ ಉಳಿದ ಪ್ರಶ್ನೆಯೇ ಹೆಚ್ಚು ಅಪಾಯಕಾರಿ ಎಂಬುದು ಅಂದು ನಮಗೆ ಅರ್ಥವಾಯಿತು.

ಈ ಮಾತಿಗೆ ನಮ್ಮ ದೇಶದ ಪೋಲಿಯೋ ವಿರುದ್ಧದ ಹೋರಾಟಕ್ಕಿಂತ ದೊಡ್ಡ ಸಾಕ್ಷ್ಯ ಬೇಕಾಗಿಲ್ಲ. 2006ರಲ್ಲಿ ದೇಶದಲ್ಲಿ 676 ಪೋಲಿಯೋ ಪ್ರಕರಣಗಳು ವರದಿಯಾದವು. ಅವುಗಳಲ್ಲಿ ಹೆಚ್ಚಿನವು ಉತ್ತರ ಪ್ರದೇಶದ್ದಾಗಿದ್ದವು. ಅಲ್ಲಿ ಕಾಲು ಕಳೆದುಕೊಂಡ ಮಕ್ಕಳಲ್ಲಿ ಮುಸ್ಲಿಮ್ ಮಕ್ಕಳ ಪ್ರಮಾಣವು ಜನಸಂಖ್ಯೆಯಲ್ಲಿ ಅವರಿಗಿರುವ ಪಾಲಿಗಿಂತ ಬಹಳ ಅಧಿಕವಾಗಿತ್ತು. ಲಸಿಕೆಯ ಹನಿಯಿಂದ ಸಂತಾನಶಕ್ತಿ ನಾಶವಾಗುತ್ತದೆ ಎಂಬ ವದಂತಿಯು ಮೊಹಲ್ಲಾಗಳಲ್ಲಿ ಹಬ್ಬಿತ್ತು. ಅದು ಸಂಪೂರ್ಣ ಸುಳ್ಳು. ಆ ಸುಳ್ಳಿಗೆ ಬೆಲೆ ತೆತ್ತವರು ಮಾತು ಬಾರದ ಹಸುಳೆಗಳು.

ಆದರೆ ಈ ಸುಳ್ಳು ಬೇರೂರಲು ನೆಲ ಎಲ್ಲಿಂದ ಸಿಕ್ಕಿತು? ತುರ್ತು ಪರಿಸ್ಥಿತಿಯ ದಿನಗಳನ್ನು ನೆನಪಿಸಿಕೊಳ್ಳಿ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಅಧಿಕ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಬಲವಂತವನ್ನು ವಿರೋಧಿಸಿದವರ ಮೇಲೆ ಮುಝಫ್ಫರನಗರದಲ್ಲಿ ಗುಂಡು ಹಾರಿತು. ನಾಗರಿಕನು ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳಬೇಕೆಂಬ ಮೂಲಭೂತ ಕರ್ತವ್ಯವು 42ನೇ ತಿದ್ದುಪಡಿಯ ಮೂಲಕ ಸಂವಿಧಾನವನ್ನು ಸೇರಿದ್ದೂ ಅದೇ 1976ರಲ್ಲಿ! ಒಂದು ಕೈಯಿಂದ ವೈಜ್ಞಾನಿಕ ಮನೋಭಾವವನ್ನು ಬೋಧಿಸಿದ ಪ್ರಭುತ್ವವು ಇನ್ನೊಂದು ಕೈಯಿಂದ ವೈದ್ಯಕೀಯದ ಮೇಲಿನ ಜನರ ವಿಶ್ವಾಸವನ್ನೇ ಕಿತ್ತುಹಾಕಿತು. ಮೂವತ್ತು ವರ್ಷಗಳ ಬಳಿಕ ಹನಿಯ ಡಬ್ಬಿ ಹಿಡಿದು ಬಾಗಿಲಿಗೆ ಬಂದವರಲ್ಲಿ ಅಜ್ಜಿಯೊಬ್ಬಳು ಆ ಹಳೆಯ ಅಧಿಕಾರಿಯ ನೆರಳನ್ನು ಕಂಡಿದ್ದರೆ ಅದನ್ನು ಬರೀ ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ವದಂತಿಯ ಜೊತೆಗೆ ಜನರಲ್ಲಿ ಇನ್ನೊಂದು ಪ್ರಶ್ನೆಯೂ ಇತ್ತು. ಚರಂಡಿ ಸ್ವಚ್ಛವಿಲ್ಲ, ಕುಡಿಯಲು ಶುದ್ಧ ನೀರಿಲ್ಲ, ಜ್ವರ ಬಂದರೆ ವೈದ್ಯರಿಲ್ಲ. ಈ ಹನಿ ಮಾತ್ರ ಮತ್ತೆ ಮತ್ತೆ ಮನೆ ಬಾಗಿಲಿಗೆ ಬರುತ್ತಿದೆಯಲ್ಲ, ಏಕೆ? ಹಲವು ಬಾರಿ ಹನಿ ಹಾಕಿಸಿಕೊಂಡ ಮಗುವಿಗೂ ಪೋಲಿಯೋ ಬಂದಿದೆಯಲ್ಲ, ಏಕೆ? ಇವು ಮೂರ್ಖ ಪ್ರಶ್ನೆಗಳಾಗಿರಲಿಲ್ಲ. ಕಿಕ್ಕಿರಿದ ವಸತಿ, ಹೊಲಸು ನೀರು ಮತ್ತು ಬಿಡದ ಅತಿಸಾರದಿಂದಾಗಿ ಆ ಪ್ರದೇಶಗಳ ಮಕ್ಕಳ ಕರುಳಿನಲ್ಲಿ ಪ್ರತಿ ಹನಿಯ ಪರಿಣಾಮವೂ ಕುಂದುತ್ತಿತ್ತು, ಆದುದರಿಂದಲೇ ಹೆಚ್ಚು ಸಲ ಹಾಕಬೇಕಾಗಿತ್ತು ಎಂಬುದನ್ನು ಸಂಶೋಧಕರೇ ಕಂಡುಕೊಂಡರು. 2009ರಲ್ಲಿ ಉತ್ತರ ಪ್ರದೇಶ ಮತ್ತು ಬಿಹಾರದ 107 ಬ್ಲಾಕುಗಳನ್ನು ಆರಿಸಿ ಲಸಿಕೆಯ ಜೊತೆಗೆ ನೀರು, ನೈರ್ಮಲ್ಯ ಮತ್ತು ಅತಿಸಾರ ಚಿಕಿತ್ಸೆಗೂ ಗಮನ ಕೊಡಲಾಯಿತು. ಮೊಹಲ್ಲಾದ ತಾಯಿ ಚರಂಡಿಯ ಕಡೆಗೆ ಬೆರಳು ತೋರಿಸಿದ್ದಳು. ಪ್ರಯೋಗಾಲಯದ ದಾರಿಯೂ ಅಲ್ಲಿಗೇ ಬಂದು ತಲುಪಿತು.

ಬದಲಾವಣೆ ತಂದದ್ದು ಬೆದರಿಕೆಯಲ್ಲ, ಮಾತುಕತೆ. ಅಲೀಗಢ ಮುಸ್ಲಿಮ್ ವಿಶ್ವವಿದ್ಯಾನಿಲಯ, ಜಾಮಿಆ ಮಿಲ್ಲಿಯಾ ಇಸ್ಲಾಮಿಯಾ ಮತ್ತು ಜಾಮಿಆ ಹಮ್ದರ್ದ್‌ಗಳು ಈ ಕಾರ್ಯದಲ್ಲಿ ಕೈಜೋಡಿಸಿದವು. ಉಲಮಾಗಳು ವೈದ್ಯರೊಡನೆ ಕುಳಿತು ಮಾತನಾಡಿದರು. ಮಸೀದಿಗಳಿಂದ ಕರೆ ಹೊರಟಿತು. ಅದೇ ಬೀದಿಯ ಮಹಿಳೆಯರು ಮನೆಮನೆಗೆ ಹೋಗಿ ನೆರೆಯವರ ಸಂಶಯಗಳಿಗೆ ತಾಳ್ಮೆಯಿಂದ ಉತ್ತರಿಸಿದರು. ಇತ್ತ ಲಸಿಕೆಯೂ ಸುಧಾರಿಸಿತು. 2010ರಲ್ಲಿ ಎರಡು ಬಗೆಯ ವೈರಾಣುಗಳನ್ನು ಒಟ್ಟಿಗೆ ಎದುರಿಸುವ ಹನಿ ಬಳಕೆಗೆ ಬಂತು. ದೇಶದ ಕೊನೆಯ ಪ್ರಕರಣ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ 2011ರ ಜನವರಿ 13ರಂದು ದಾಖಲಾಯಿತು. 2014ರ ಮಾರ್ಚ್ 27ರಂದು ಭಾರತವನ್ನೊಳಗೊಂಡ ಆಗ್ನೇಯ ಏಷ್ಯಾ ವಲಯವನ್ನು ಪೋಲಿಯೋ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು.

ಸಹೋದರರೇ, ಪ್ರಶ್ನೆಗೂ ವದಂತಿಗೂ ಇರುವ ವ್ಯತ್ಯಾಸವನ್ನು ಗುರುತಿಸುವುದೇ ವಿಮರ್ಶಾತ್ಮಕ ಚಿಂತನೆಯ ಮೊದಲ ಪಾಠ. ಪ್ರಶ್ನೆಗೆ ಉತ್ತರ ಬೇಕು. ಉತ್ತರ ಸಿಕ್ಕಿದಾಗ ಅದು ತಣಿಯುತ್ತದೆ, ಇಲ್ಲವೇ ಇನ್ನಷ್ಟು ಒಳ್ಳೆಯ ಪ್ರಶ್ನೆಯಾಗುತ್ತದೆ. ವದಂತಿಗೆ ಉತ್ತರ ಬೇಕಾಗಿಲ್ಲ, ಅದಕ್ಕೆ ಬೇಕಾದುದು ಹರಡುವ ನಾಲಗೆ ಮಾತ್ರ.

ಮದ್ರಸದಲ್ಲಿ ಹದೀಸ್ ಕಲಿಯುವಾಗ ಉಸ್ತಾದರು ಮೊದಲು ಕೇಳುತ್ತಿದ್ದುದು ಇಸ್ನಾದಿನ ಬಗ್ಗೆ. ಈ ಮಾತನ್ನು ಯಾರು ಯಾರಿಂದ ಕೇಳಿದರು? ಅವರಿಬ್ಬರು ಭೇಟಿಯಾಗಿದ್ದರೇ? ವರದಿಗಾರನ ನೆನಪಿನ ಶಕ್ತಿ ಹೇಗಿತ್ತು, ಪ್ರಾಮಾಣಿಕತೆ ಹೇಗಿತ್ತು? ಮಾತು ಎಷ್ಟೇ ಸುಂದರವಾಗಿದ್ದರೂ ಸರಪಳಿಯ ಒಂದು ಕೊಂಡಿ ಕಳಚಿದ್ದರೆ ಅದು ದುರ್ಬಲವೇ. ಸುದ್ದಿ ಬಂದಾಗ ಪರಿಶೀಲಿಸಬೇಕೆಂಬ ಆದೇಶ ಸೂರಃ ಅಲ್ ಹುಜುರಾತ್‌ನಲ್ಲಿದೆ. ಇಂತಹ ಪರಂಪರೆಯ ವಾರಸುದಾರರಾದ ನಾವು ವಾಟ್ಸ್ಆ್ಯಪ್‌ನಲ್ಲಿ ಬಂದ, ತಲೆಬುಡವಿಲ್ಲದ ವೈದ್ಯಕೀಯ ಸಲಹೆಯನ್ನು ಕಣ್ಣುಮುಚ್ಚಿ ಹತ್ತು ಮಂದಿಗೆ ಕಳುಹಿಸುತ್ತೇವೆ! ಇದಕ್ಕಿಂತ ದೊಡ್ಡ ವಿಪರ್ಯಾಸ ಯಾವುದಿದೆ?

ಬಸರಾದಲ್ಲಿ ಹುಟ್ಟಿ ಸುಮಾರು 1040ರಲ್ಲಿ ಕೈರೋದಲ್ಲಿ ನಿಧನರಾದ ಇಬ್ನುಲ್ ಹೈಸಮ್, ದೃಷ್ಟಿ ಮತ್ತು ಬೆಳಕಿನ ಕುರಿತ ತಮ್ಮ ಮಹಾಗ್ರಂಥದಲ್ಲಿ ಪ್ರಯೋಗಕ್ಕೆ ಪ್ರಮುಖ ಸ್ಥಾನ ಕೊಟ್ಟವರು. ಸುಮಾರು ಒಂಬತ್ತು ಶತಮಾನಗಳ ಕಾಲ ಗುರುಪೀಠದಲ್ಲಿದ್ದ ಟಾಲೆಮಿಯ ಖಗೋಳಶಾಸ್ತ್ರದ ಬಗ್ಗೆ ಸಂಶಯಗಳನ್ನು ಎತ್ತಲೆಂದೇ ಅವರು ಒಂದು ಕೃತಿ ರಚಿಸಿದರು. ಟಾಲೆಮಿಯನ್ನು ಅವರು ಹೀಯಾಳಿಸಲಿಲ್ಲ. ಅವನನ್ನು ಸಂಪೂರ್ಣ ಓದಿ, ಅವನ ಲೆಕ್ಕ ಅವನದೇ ತತ್ವದೊಡನೆ ಎಲ್ಲಿ ಹೊಂದುವುದಿಲ್ಲವೆಂದು ತೋರಿಸಿದರು. ಓದದೆ ಸಂಶಯಿಸುವುದು ಸುಲಭ. ಓದಿ ಸಂಶಯಿಸುವುದು ವಿದ್ವತ್ತು.

ನಮ್ಮ ನಾಡಿನಲ್ಲೂ ಈ ಮಾದರಿಯಿದೆ. ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಸ್ಥಾಪಿಸಿ, ತಜ್ಞರನ್ನು ಜನಸಾಮಾನ್ಯರ ಮುಂದೆ ತಂದು ನಿಲ್ಲಿಸಿದರು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದಾಗ, ಅದೇ 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದರು. ಪವಾಡದ ಖ್ಯಾತಿವೆತ್ತವರು ಪರೀಕ್ಷೆಗೆ ಮುಂದೆ ಬರಲಿಲ್ಲ. ಅವರ ಎಲ್ಲ ನಿಲುವುಗಳನ್ನು ಎಲ್ಲರೂ ಒಪ್ಪಬೇಕೆಂದಿಲ್ಲ. ಆದರೆ ಪ್ರಶ್ನೆಯನ್ನು ಬಹಿರಂಗವಾಗಿ, ಸಭ್ಯವಾಗಿ ಕೇಳಿ ಉತ್ತರಕ್ಕಾಗಿ ಕಾಯುವ ಆ ರೀತಿ ಅನುಕರಣೀಯ.

ಕೊನೆಯದಾಗಿ ಮೂರು ವಿನಂತಿಗಳು. ತಜ್ಞರೇ, ಜನರ ಪ್ರಶ್ನೆಯನ್ನು ಅವಮಾನವೆಂದು ಭಾವಿಸದಿರಿ. ಜಮಾಅತಿನ ಹೊಣೆಗಾರರೇ, ವರ್ಷಕ್ಕೆ ಕೆಲವು ಸಂಜೆಗಳಲ್ಲಾದರೂ ಮಸೀದಿಯ ಸಭಾಂಗಣಕ್ಕೆ ವೈದ್ಯರನ್ನೋ ವಿಜ್ಞಾನಿಯನ್ನೋ ಕರೆಯಿರಿ. ಭಾಷಣಕ್ಕೆ ಅರ್ಧ ಗಂಟೆ, ಪ್ರಶ್ನೆಗೆ ಒಂದು ಗಂಟೆ ಮೀಸಲಿಡಿ, ಮಹಿಳೆಯರಿಗೂ ಕೇಳಲು ಅವಕಾಶವಿರಲಿ. ವಿದ್ಯಾರ್ಥಿಗಳೇ, ಉತ್ತರವನ್ನು ಮೊದಲೇ ತೀರ್ಮಾನಿಸಿಕೊಂಡು ಪ್ರಶ್ನೆ ಕೇಳಬೇಡಿ. ಆ ತಪ್ಪನ್ನು ನಾವು ಮಾಡಿದ್ದೇವೆ. ಆ ವೈದ್ಯರು ಅಂದು ಸಿಡುಕಿ ನಮ್ಮನ್ನು ಹೊರಗೆ ಕಳುಹಿಸಿದ್ದರೆ ಇಂದು ತಮ್ಮ ಮುಂದೆ ಹೇಳಲು ನಮ್ಮಲ್ಲಿ ಏನೂ ಇರುತ್ತಿರಲಿಲ್ಲ.

ಇಷ್ಟು ಹೇಳಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ. ಈಗ ತಮ್ಮ ಪ್ರಶ್ನೆಗಳ ಸರದಿ.