ಮತ ಎಣಿಸಿದ ಮೇಲೆ ಮನ ಸೇರುವುದು ಹೇಗೆ?

(ಮಾತೆ ಮರಿಯಮ್ಮನವರ ಜನನೋತ್ಸವ, ಸೆಪ್ಟೆಂಬರ್ 8ರ ಪ್ರಬೋಧನೆ)

ವಾಚನಗಳು: ಮೀಕ 5:1-4, ಮತ್ತಾಯ 1:1-16, 18-23



ಒಂಬತ್ತು ದಿನಗಳ ನೊವೆನಾ ಮುಗಿಸಿ ಇಂದು ನಾವು ನಮ್ಮ ತಾಯಿಯ ಹುಟ್ಟುಹಬ್ಬಕ್ಕೆ ಬಂದು ಸೇರಿದ್ದೇವೆ. ಕರಾವಳಿಯ ಊರುಗಳಲ್ಲಿ ಇದು ತೆನೆಹಬ್ಬ, ಮೊಂತಿ ಫೆಸ್ತ್. ಬೆಂಗಳೂರಿನ ಶಿವಾಜಿನಗರದಲ್ಲಿ ಕಾವಿ ಬಟ್ಟೆ ತೊಟ್ಟ ಭಕ್ತರ ದೊಡ್ಡ ಜಾತ್ರೆ. ಹಬ್ಬದ ಆಚರಣೆ ಊರಿಂದೂರಿಗೆ ಬೇರೆಯಾದರೂ ಆಸೆ ಒಂದೇ: ಅಮ್ಮನ ಹಬ್ಬದ ದಿನ ಮಕ್ಕಳೆಲ್ಲ ಒಂದೇ ಸೂರಿನಡಿ ಕೂತು ಊಟ ಮಾಡಬೇಕು. ದೂರದ ಊರಲ್ಲಿರುವ ಮಗನಿಗೆ, ಮಗಳಿಗೆ, ಆಶೀರ್ವದಿಸಿದ ತೆನೆಯನ್ನು ಲಕೋಟೆಯಲ್ಲಿಟ್ಟು ಅಂಚೆಯಲ್ಲಿ ಕಳಿಸುವ ತಾಯಂದಿರು ನಮ್ಮಲ್ಲಿದ್ದಾರೆ. ಹೊಸಕ್ಕಿಯ ಊಟದಲ್ಲಿ ಯಾರೊಬ್ಬರೂ ತಪ್ಪಿಹೋಗಬಾರದು ಎಂಬುದೇ ಅವರ ಕಾಳಜಿ.

ಇಂಥ ಸಂತೋಷದ ದಿನ ಧರ್ಮಸಭೆ ನಮಗೆ ಓದಿ ಹೇಳುವ ಶುಭಸಂದೇಶ ಯಾವುದು? ಒಂದು ಉದ್ದನೆಯ ಹೆಸರುಗಳ ಪಟ್ಟಿ. ಓದುವ ಗುರುಗಳಿಗೂ ನಾಲಿಗೆ ತೊಡರುತ್ತದೆ, ಕೇಳುವವರಿಗೆ ಆಕಳಿಕೆ ಬರುತ್ತದೆ. ಆದರೆ ಆ ಪಟ್ಟಿಯ ನಡುವೆ ಒಂದು ಹೆಸರಿದೆ: ಸೊಲೊಮೋನನ ಮಗ ರೆಹಬ್ಬಾಮ. ಇವನ ಕಾಲದಲ್ಲಿಯೇ ದಾವೀದನ ರಾಜ್ಯ ಎರಡಾಗಿ ಒಡೆಯಿತು. ಅರಸುಗಳ ಮೊದಲನೆಯ ಗ್ರಂಥದ 12ನೇ ಅಧ್ಯಾಯವನ್ನು ಓದಿ ನೋಡಿ. ಜನರು ಬಂದು ತಮ್ಮ ಹೆಗಲ ಮೇಲಿನ ನೊಗವನ್ನು ಸ್ವಲ್ಪ ಹಗುರ ಮಾಡೆಂದು ಬೇಡಿಕೊಂಡರು. ಹಿರಿಯರು ಸೌಮ್ಯವಾಗಿ ಉತ್ತರ ಕೊಡು ಎಂದರು. ಅರಸ ಅವರ ಮಾತನ್ನು ತಳ್ಳಿ, ತನ್ನ ಓರಗೆಯವರ ಮಾತು ಕೇಳಿ, ಕಟುವಾಗಿ ಮಾತಾಡಿದ. ಹತ್ತು ಕುಲಗಳು ಬೆನ್ನು ತಿರುಗಿಸಿ ಹೊರಟುಹೋದವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಹೇಳುವುದು ಇದನ್ನೇ. ಒಂದು ದಿನದ ಒರಟು ಮಾತು ಒಂದು ಜನಾಂಗವನ್ನು ನೂರಾರು ವರ್ಷ ಬೇರೆಬೇರೆ ಮಾಡಿತು.

ಸಂತ ಮತ್ತಾಯರು ಆ ಹೆಸರನ್ನು ಅಳಿಸಿಹಾಕಲಿಲ್ಲ. ಊರೀಯನ ಹೆಂಡತಿಗಾದ ಅನ್ಯಾಯವನ್ನೂ ಮುಚ್ಚಿಡಲಿಲ್ಲ. ಒಡೆದ ರಾಜ್ಯ, ಒಡೆದ ಮನೆ, ಕೆಟ್ಟ ಅರಸರು, ನೊಂದ ಸ್ತ್ರೀಯರು, ಇವರೆಲ್ಲರನ್ನೂ ದಾಟಿ ಬರುವ ಆ ಸಾಲಿನ ಕೊನೆಯಲ್ಲಿ ಜೋಸೆಫರು, ಮರಿಯಮ್ಮನವರು, ನಮ್ಮ ಪ್ರಭು ಯೇಸು ನಿಂತಿದ್ದಾರೆ. ಬಿರುಕು ಬಿಟ್ಟ ಮನೆತನಕ್ಕೇ ದೇವರು ಬಂದರು. ಇಮ್ಮಾನುವೇಲ್, ದೇವರು ನಮ್ಮೊಡನಿದ್ದಾರೆ ಎಂಬ ಹೆಸರಿಗೆ ಇದೇ ಅರ್ಥ.

ಪ್ರಿಯರೇ, ಒಂದು ದೇಶ ಎರಡಾಗಿ ಒಡೆದಾಗ ಅಲ್ಲಿಯ ಸಾಮಾನ್ಯ ಜನರ ಎದೆಯಲ್ಲಿ ಏನಾಗುತ್ತದೆ? ನಮ್ಮ ಕಾಲದ ಒಂದು ನಿಜ ಘಟನೆಯ ಮೂಲಕ ಇದನ್ನು ಧ್ಯಾನಿಸೋಣ. ಇಂದಿನ ಹಬ್ಬಕ್ಕೂ ಅದಕ್ಕೂ ಒಂದು ನಂಟಿದೆ.

ದಕ್ಷಿಣ ಅಮೆರಿಕದ ಕೊಲಂಬಿಯ ದೇಶದಲ್ಲಿ ಬಹುಸಂಖ್ಯಾತರು ಕಥೋಲಿಕರೇ. ಅಲ್ಲಿ ಐವತ್ತು ವರ್ಷಕ್ಕೂ ಮಿಕ್ಕಿ ಸರ್ಕಾರದ ಸೈನ್ಯ, 'ಫಾರ್ಕ್' ಮುಂತಾದ ಗೆರಿಲ್ಲಾ ಬಂಡುಕೋರರು ಮತ್ತು ಖಾಸಗಿ ಸಶಸ್ತ್ರ ಪಡೆಗಳ ನಡುವೆ ಕಾದಾಟ ನಡೆಯಿತು. ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಲಕ್ಷಾಂತರ ಕುಟುಂಬಗಳು ಮನೆ, ಹೊಲ ಬಿಟ್ಟು ಓಡಿದವು. ಕೊನೆಗೆ ಹವಾನಾ ನಗರದಲ್ಲಿ ಸುಮಾರು ನಾಲ್ಕು ವರ್ಷ ಮಾತುಕತೆ ನಡೆದು, 2016ರ ಸೆಪ್ಟೆಂಬರ್ 26ರಂದು ಅಧ್ಯಕ್ಷ ಹುವಾನ್ ಮಾನುಯೆಲ್ ಸಾಂತೋಸ್ ಮತ್ತು ಫಾರ್ಕ್ ನಾಯಕರು ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಗುಂಡಿನ ತೋಟೆಯಿಂದ ಮಾಡಿದ ಲೇಖನಿಯಿಂದ ಸಹಿ ಹಾಕಿದರಂತೆ! ಆಮೇಲೆ ಈ ಒಪ್ಪಂದ ನಿಮಗೆ ಒಪ್ಪಿಗೆಯೇ ಎಂದು ಜನರನ್ನೇ ಕೇಳಿದರು. ಇದಕ್ಕೆ ಜನಮತಗಣನೆ ಎನ್ನುತ್ತಾರೆ. ಇರುವುದು ಎರಡೇ ಉತ್ತರ: 'ಹೌದು' ಅಥವಾ 'ಇಲ್ಲ'.

ಮತದಾನ ನಡೆದದ್ದು ಅಕ್ಟೋಬರ್ 2ರಂದು. ಅಂದು ಭಾನುವಾರ. ಬೆಳಿಗ್ಗೆ ಪೂಜೆಗೆ ಹೋದವರೇ ಮತಗಟ್ಟೆಗೂ ಹೋದರು. ಆ ಭಾನುವಾರದ ಮೊದಲ ವಾಚನ ಹಬಕ್ಕೂಕ ಪ್ರವಾದಿಯದು. ಹಿಂಸೆಯನ್ನು ಕಣ್ಣಾರೆ ಕಂಡ ಪ್ರವಾದಿ, ಇನ್ನೆಷ್ಟು ಕಾಲ ಮೊರೆಯಿಡಲಿ ಎಂದು ದೇವರನ್ನು ಕೇಳುವ ಭಾಗ. 'ಹೌದು' ಎನ್ನುವವರೂ ಅದೇ ವಾಚನವನ್ನು ಕೇಳಿದರು, 'ಇಲ್ಲ' ಎನ್ನುವವರೂ ಅದನ್ನೇ ಕೇಳಿದರು. ಅಲ್ಲಿಯ ಧರ್ಮಾಧ್ಯಕ್ಷರು ಯಾವ ಪಕ್ಷವನ್ನೂ ಹಿಡಿಯದೆ, ಒಪ್ಪಂದವನ್ನು ತಿಳಿದುಕೊಂಡು ಮನಸ್ಸಾಕ್ಷಿಗೆ ತಕ್ಕಂತೆ ಮತ ನೀಡಿರೆಂದು ಕರೆಕೊಟ್ಟಿದ್ದರು.

ಸಂಜೆ ಫಲಿತಾಂಶ ಬಂತು. 'ಇಲ್ಲ' ಎಂದವರು ಶೇಕಡಾ 50.2. 'ಹೌದು' ಎಂದವರು ಶೇಕಡಾ 49.8. ಸುಮಾರು 1 ಕೋಟಿ 30 ಲಕ್ಷ ಮತಗಳಲ್ಲಿ ಅಂತರ ಸುಮಾರು 54 ಸಾವಿರ ಮಾತ್ರ. ಹತ್ತು ಮತದಾರರಲ್ಲಿ ಆರು ಜನ ಮತಗಟ್ಟೆಗೆ ಹೋಗಲೇ ಇಲ್ಲ.

ಆ ರಾತ್ರಿ ಜನರಿಗೆ ಏನನ್ನಿಸಿರಬೇಕು?

ಮೊದಲು ಸೋತವರನ್ನು ನೋಡೋಣ. ಬೊಹಾಯಾ ಎಂಬ ಬಡ ಊರಿದೆ. 2002ರ ಮೇ 2ರಂದು ಅಲ್ಲಿ ಬಂಡುಕೋರರಿಗೂ ಖಾಸಗಿ ಪಡೆಗೂ ಕಾದಾಟ ನಡೆಯುತ್ತಿದ್ದಾಗ ಜನರು ಓಡಿಹೋಗಿ ದೇವಾಲಯದೊಳಗೆ ಅಡಗಿಕೊಂಡಿದ್ದರು. ಬಂಡುಕೋರರು ಎಸೆದ ಸಿಲಿಂಡರ್ ಬಾಂಬ್ ದೇವಾಲಯದ ಮೇಲೆಯೇ ಬಿತ್ತು. ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಅನೇಕರು ಮಕ್ಕಳು. ಪೀಠದ ಬಳಿಯ ಶಿಲುಬೆಯ ಯೇಸುವಿನ ಪ್ರತಿಮೆಯ ಕೈಕಾಲುಗಳು ಛಿದ್ರವಾಗಿ, ಮುಖ ಮತ್ತು ಎದೆ ಮಾತ್ರ ಉಳಿಯಿತು. ಇಷ್ಟು ನೊಂದ ಅದೇ ಊರು 2016ರಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮತಗಳಿಂದ 'ಹೌದು' ಎಂದಿತು. ತಮ್ಮ ಮಕ್ಕಳನ್ನು ಕೊಂದವರೊಡನೆ ಶಾಂತಿ ಬೇಕೆಂದಿತು. ಯುದ್ಧದ ಬಿಸಿ ಅಷ್ಟಾಗಿ ತಟ್ಟದ ಬೇರೆ ಊರುಗಳು 'ಇಲ್ಲ' ಎಂದಾಗ ಇಂಥ ಊರುಗಳ ಜನರಿಗೆ ಎಂಥ ನೋವಾಗಿರಬೇಡ! ನಮ್ಮ ಕಣ್ಣೀರನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲವೇ ಎಂದು ಅವರು ಕೇಳಿದ್ದರೆ ತಪ್ಪೇನು?

ಇನ್ನು ಗೆದ್ದವರು. 'ಇಲ್ಲ' ಎಂದವರೆಲ್ಲರೂ ಶಾಂತಿಯ ವಿರೋಧಿಗಳೇ? ಅಲ್ಲ. ಅವರಲ್ಲೂ ಗಂಡನನ್ನು ಕಳೆದುಕೊಂಡವರಿದ್ದರು, ಅಪಹರಣಕ್ಕೊಳಗಾದ ಮಕ್ಕಳಿಗಾಗಿ ಕಾದವರಿದ್ದರು. ಆ ಒಪ್ಪಂದದ ಪ್ರಕಾರ ಸತ್ಯ ಒಪ್ಪಿಕೊಂಡ ಬಂಡುಕೋರ ನಾಯಕರಿಗೆ ಸೆರೆಮನೆಯ ಬದಲು ಬೇರೆ ನಿರ್ಬಂಧಗಳಿದ್ದವು, ಜೊತೆಗೆ ಅವರ ಪಕ್ಷಕ್ಕೆ ಸಂಸತ್ತಿನಲ್ಲಿ 10 ಸ್ಥಾನಗಳ ಭರವಸೆಯಿತ್ತು. ಕೊಂದವನು ಸಂಸತ್ತಿನಲ್ಲಿ ಕೂರುವುದೇ, ಇದು ನ್ಯಾಯವೇ ಎಂದು ಅವರು ಕೇಳಿದರು. ಆ ಪ್ರಶ್ನೆಯಲ್ಲಿ ನ್ಯಾಯದ ಹಸಿವಿದೆ. ಆದರೆ ಮರುದಿನದಿಂದಲೇ ಅವರಿಗೆ 'ಯುದ್ಧ ಬೇಕೆನ್ನುವವರು' ಎಂಬ ಹಣೆಪಟ್ಟಿ ಬಿತ್ತು. ಮುಂದೆ ಒಪ್ಪಂದವನ್ನು ತಿದ್ದಿ ನವೆಂಬರ್ 24ರಂದು ಮತ್ತೆ ಸಹಿ ಹಾಕಿದರು. ಈ ಬಾರಿ ಜನರನ್ನು ಕೇಳದೆ ಸಂಸತ್ತಿನಲ್ಲಿಯೇ ಒಪ್ಪಿಗೆ ಪಡೆದರು. ನಮ್ಮ ಮತಕ್ಕೆ ಬೆಲೆ ಇಲ್ಲವಾಯಿತೆಂದು ಈಗ ಇವರು ನೊಂದರು. ಹೀಗೆ ಮೊದಲು ಒಂದು ಅರ್ಧ, ಆಮೇಲೆ ಇನ್ನೊಂದು ಅರ್ಧ ಸೋತ ಭಾವನೆಯಲ್ಲಿ ಉಳಿಯಿತು.

ಮತಗಟ್ಟೆಗೇ ಹೋಗದವರ ಪಾಡೇನು? ಅಂದು ಚಂಡಮಾರುತದ ಮಳೆಯಿಂದ ಕೆರಿಬಿಯನ್ ಕರಾವಳಿಯ ಅನೇಕರಿಗೆ ಹೋಗಲಾಗಲಿಲ್ಲ. ಉಳಿದವರಲ್ಲಿ ಎಷ್ಟೋ ಮಂದಿ, ನನ್ನ ಒಂದು ಮತದಿಂದ ಏನಾದೀತು ಎಂದುಕೊಂಡಿದ್ದಿರಬಹುದು. ಅಂತರ ಅಷ್ಟು ಚಿಕ್ಕದೆಂದು ತಿಳಿದಾಗ ಆ ಮಾತು ಅವರನ್ನು ಚುಚ್ಚದೆ ಇದ್ದೀತೇ?

ಸಹೋದರರೇ, ಮತಪೆಟ್ಟಿಗೆಯು ಒಂದು ಪ್ರಶ್ನೆಗೆ ಉತ್ತರ ಹೇಳುತ್ತದೆ. ಆ ಉತ್ತರದ ಹಿಂದೆ ಯಾವ ಗಾಯವಿದೆ ಎಂದು ಅದು ಹೇಳಲಾರದು. ಅದನ್ನು ತಿಳಿಯಬೇಕಾದರೆ ನೆರೆಯವನ ಮನೆಯ ಬಾಗಿಲು ತಟ್ಟಬೇಕು.

ಹಾಗೆ ಹೊರಟವರೂ ಇದ್ದರು. ಮೂರು ದಿನಗಳ ನಂತರ, ಅಕ್ಟೋಬರ್ 5ರಂದು, ರಾಜಧಾನಿ ಬೊಗೊಟಾದಲ್ಲಿ ಸಾವಿರಾರು ವಿದ್ಯಾರ್ಥಿಗಳು ಮತ್ತು ನಾಗರಿಕರು ಮೌನ ಮೆರವಣಿಗೆ ಮಾಡಿದರು. ಮುಂದಿನ ವಾರ ಅಲ್ಲಿಯ ಬೊಲಿವಾರ್ ಚೌಕದಲ್ಲಿ ಕಲಾವಿದೆ ದೋರಿಸ್ ಸಾಲ್ಸೆದೊ ಅವರ ಜೊತೆಗೂಡಿ ಜನರು ಬಿಳಿ ಬಟ್ಟೆಯ ತುಂಡುಗಳ ಮೇಲೆ ಸತ್ತವರ ಹೆಸರುಗಳನ್ನು ಬೂದಿಯಿಂದ ಬರೆದು, ಸೂಜಿದಾರ ಹಿಡಿದು ಒಂದಕ್ಕೊಂದು ಹೊಲಿದರು. ಸಾವಿರಕ್ಕೂ ಹೆಚ್ಚು ಹೆಸರುಗಳು. ಅದೂ ಒಂದು ವಂಶಾವಳಿಯೇ.

ಮರುವರ್ಷ, 2017ರಲ್ಲಿ, ಜಗದ್ಗುರು ಫ್ರಾನ್ಸಿಸರು ಕೊಲಂಬಿಯಕ್ಕೆ ಭೇಟಿ ಕೊಟ್ಟರು. ಸೆಪ್ಟೆಂಬರ್ 8ರಂದು, ಇದೇ ಹಬ್ಬದ ದಿನ, ವಿಯ್ಯಾವಿಸೆನ್ಸಿಯೊ ನಗರದಲ್ಲಿ ಬಲಿಪೂಜೆ ಅರ್ಪಿಸಿ, ಇದೇ ವಂಶಾವಳಿಯ ಬಗ್ಗೆ, ಸಂಧಾನದ ಬಗ್ಗೆ ಪ್ರಬೋಧಿಸಿದರು. ಅಂದು ಸಂಜೆಯ ಪ್ರಾರ್ಥನೆಗೆ ಬೊಹಾಯಾದ ಆ ಕೈಕಾಲಿಲ್ಲದ ಯೇಸುವನ್ನು ತಂದಿದ್ದರು. ಒಬ್ಬ ತಾಯಿ ಅದರ ಮುಂದೆ ತನ್ನ ಕೊಲೆಯಾದ ಮಗನ ಅಂಗಿಯನ್ನು ಅರ್ಪಿಸಿದಳು. ತಂದೆ, ಗಂಡ, ಮಗಳು, ಮಗ, ಎಲ್ಲರನ್ನೂ ಈ ಹಿಂಸೆಯಲ್ಲಿ ಕಳೆದುಕೊಂಡವಳು. ಮಗನನ್ನು ಮಣ್ಣು ಮಾಡಿ ಕೆಲವೇ ದಿನಗಳಲ್ಲಿ ಗಾಯಗೊಂಡ ಒಬ್ಬ ಯುವಕನನ್ನು ಮನೆಗೆ ಕರೆತಂದು, ಮಗನ ಹಾಸಿಗೆಯಲ್ಲಿಯೇ ಮಲಗಿಸಿ ಆರೈಕೆ ಮಾಡಿದ್ದಳು. ಹೊರಡುವಾಗ ಗೋಡೆಯ ಮೇಲಿನ ಪಟಗಳನ್ನು ನೋಡಿ ಅವನು ಒಪ್ಪಿಕೊಂಡ: ಇವನನ್ನು ಕೊಂದವರಲ್ಲಿ ನಾನೂ ಒಬ್ಬ.

ಇಂಥ ಕ್ಷಮೆಯನ್ನು ಯಾವ ಸರ್ಕಾರವೂ ಮತಕ್ಕೆ ಹಾಕಿ ಪಡೆಯಲಾರದು. ನೊಂದವರಿಂದ ನಾವು ಬಲವಂತವಾಗಿ ಕೇಳಲೂಬಾರದು. ಅದು ದೇವರ ವರ. ಇನ್ನೂ ಕ್ಷಮಿಸಲಾರದ ತಾಯಿಯನ್ನೂ ದೇವರು ಕೈಬಿಡುವುದಿಲ್ಲ.

ಕೊಲಂಬಿಯದಲ್ಲಿ ಎಲ್ಲವೂ ಸರಿಹೋಯಿತೇ? ಇಲ್ಲ. ಫಾರ್ಕ್‌ನ ಬಹುಪಾಲು ಬಂಡುಕೋರರು 2017ರಲ್ಲಿ ಶಸ್ತ್ರ ಕೆಳಗಿಟ್ಟರು. ಆದರೆ ಆಮೇಲೂ ಶಸ್ತ್ರ ಬಿಟ್ಟವರು, ಊರಿನ ಜನನಾಯಕರು, ಹೀಗೆ ನೂರಾರು ಮಂದಿ ಕೊಲೆಯಾಗಿದ್ದಾರೆ. ಮುರಿದದ್ದನ್ನು ಕೂಡಿಸುವ ಕೆಲಸ ಒಂದು ಸಹಿಯಿಂದ, ಒಂದು ಮತದಿಂದ ಮುಗಿಯುವುದಿಲ್ಲ.

ನಮ್ಮ ದೇಶದಲ್ಲಿ ರಾಷ್ಟ್ರಮಟ್ಟದ ಜನಮತಗಣನೆ ಇದುವರೆಗೆ ನಡೆದಿಲ್ಲ. ಆದರೆ ಚುನಾವಣೆಗಳು ಬರುತ್ತವೆ, ಹೋಗುತ್ತವೆ. ಪಂಚಾಯತಿಯಿಂದ ಹಿಡಿದು ಧರ್ಮಕೇಂದ್ರದ ಪಾಲನಾ ಮಂಡಳಿಯವರೆಗೆ, ಎಣಿಕೆ ಮುಗಿದ ಮೇಲೆ ಮಾತು ಬಿಟ್ಟ ಅಣ್ಣತಮ್ಮಂದಿರು ಎಷ್ಟು ಮಂದಿ! ಒಂದೇ ಬೆಂಚಿನಲ್ಲಿ ಕೂರುತ್ತಿದ್ದವರು ಈಗ ಒಬ್ಬರು ಆ ಬಾಗಿಲಿನಿಂದ, ಇನ್ನೊಬ್ಬರು ಈ ಬಾಗಿಲಿನಿಂದ ಬರುತ್ತಾರೆ.

ಇಂದಿನ ಶುಭಸಂದೇಶದಲ್ಲಿ ಸಂತ ಜೋಸೆಫರನ್ನು ನೋಡಿ. ಮರಿಯಳ ವಿಷಯ ಅವರಿಗೆ ಅರ್ಥವಾಗಲಿಲ್ಲ, ಮನಸ್ಸು ಮುರಿದಿತ್ತು. ಆದರೂ ಆಕೆಯನ್ನು ಜನರ ಮುಂದೆ ಅವಮಾನಪಡಿಸಲು ಅವರು ಒಪ್ಪಲಿಲ್ಲ. ಅರ್ಥವಾಗದಿದ್ದಾಗಲೂ ಮರ್ಯಾದೆ ಕಾಪಾಡಿದರು. ದೇವರು ಮಾತಾಡಲು ಅದರಿಂದ ಎಡೆಯಾಯಿತು. ನಮ್ಮ ವಿರುದ್ಧ ಮತ ಹಾಕಿದವನ ವಿಷಯದಲ್ಲಿ ನಾವು ಮಾಡಬೇಕಾದದ್ದೂ ಇಷ್ಟೇ. ಗೆದ್ದಿದ್ದರೆ ಪಟಾಕಿಯನ್ನು ಅವನ ಬಾಗಿಲಲ್ಲಿ ಹಚ್ಚಬೇಡಿ. ಸೋತಿದ್ದರೆ ಅವನನ್ನು ದೇಶದ್ರೋಹಿ, ದಡ್ಡ ಎಂದು ಜರೆಯಬೇಡಿ. ನಿನಗೇಕೆ ಹಾಗನ್ನಿಸಿತು ಎಂದು ಕೇಳಿ, ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ. ನ್ಯಾಯ ಬೇಕೆನ್ನುವವನು ತನ್ನ ನಿಲುವನ್ನು ಬಿಡಬೇಕೆಂದಿಲ್ಲ. ನೆರೆಯವನನ್ನು ಮಾತ್ರ ಬಿಡಬಾರದು.

ಇನ್ನು ಸ್ವಲ್ಪ ಹೊತ್ತಿನಲ್ಲಿ ಪರಸ್ಪರ ಶಾಂತಿಯನ್ನು ಕೋರಲು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಪಕ್ಕದಲ್ಲಿರುವ ಹೆಂಡತಿ ಮಕ್ಕಳಿಗೆ ಮಾತ್ರ ಕೈಮುಗಿದು ಸುಮ್ಮನಾಗಬೇಡಿ. ಮಾತು ಬಿಟ್ಟವರು ಯಾರಾದರೂ ಈ ದೇವಾಲಯದಲ್ಲಿದ್ದರೆ ಅವರ ಕಡೆಗೆ ತಿರುಗಿ ಕೈಮುಗಿಯಿರಿ. ಅವರು ಬಂದಿಲ್ಲವಾದರೆ ಇಂದು ಮಧ್ಯಾಹ್ನ ಆಶೀರ್ವದಿಸಿದ ತೆನೆಯಲ್ಲಿ ಒಂದೆರಡನ್ನು ಅವರ ಮನೆಗೂ ಕೊಂಡೊಯ್ಯಿರಿ.

ಒಡೆದ ಮನೆತನದಲ್ಲಿ ಹುಟ್ಟಿ ಲೋಕಕ್ಕೆ ಶಾಂತಿಯ ಅರಸನನ್ನು ಹೆತ್ತುಕೊಟ್ಟ ತಾಯಿಯೇ, ಕೊಲಂಬಿಯದ ನೊಂದ ಜನರಿಗಾಗಿಯೂ ನಮಗಾಗಿಯೂ ಪ್ರಾರ್ಥಿಸಿರಿ. ಆಮೆನ್.