ಸಹಿ ಹಾಕುವವರಿಗೆ ತಿಳಿಯುವ ನುಡಿ



ಸರಕಾರಿ ಎಂಜಿನಿಯರನಾಗಿ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ದುಡಿದವನು ನಾನು. ಇಂದು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳುತ್ತೇನೆ.

ಒಂದು ಕೆರೆಗಾಗಿ ಜಮೀನು ಹೋಗಿತ್ತು. ಪರಿಹಾರ ಹಂಚುವ ದಿನ ಒಬ್ಬ ಹಿರಿಯ ರೈತರು ಇಂಗ್ಲಿಷ್ ಕಾಗದ ಹಿಡಿದು, "ಇದರಾಗ ಏನ್ ಬರದಾರ್ರೀ ಸಾಹೇಬ್ರ?" ಎಂದರು. "ರೊಕ್ಕ ಮುಟ್ಟಿದ್ದಕ್ಕ ಸಹಿ, ಮಾಡ್ರಿ ಯಜಮಾನ್ರ" ಎಂದೆ. ಮಾಡಿದರು. 1894ರ ಭೂಸ್ವಾಧೀನ ಕಾಯ್ದೆಯಂತೆ ತಕರಾರಿಟ್ಟು ಹಣ ಪಡೆದವರಿಗೆ ಮಾತ್ರ ಹೆಚ್ಚಿನ ಪರಿಹಾರ ಕೇಳುವ ಹಕ್ಕಿತ್ತು. ತಕರಾರು ಬರೆದ ಪಕ್ಕದ ಹೊಲದವರಿಗೆ ಕೋರ್ಟಿನಿಂದ ಹೆಚ್ಚು ಬಂತು, ಇವರಿಗೆ ಬರಲಿಲ್ಲ. "ಆಗಲೇ ಹೇಳಬಾರದಿತ್ತೇನ್ರೀ?" ಎಂದು ಒಮ್ಮೆ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ನಿಜಾಮರ ಕಾಲದಲ್ಲಿ ಈ ಸೀಮೆಯ ಕಚೇರಿ, ಕೋರ್ಟುಗಳು ಉರ್ದುವಿನಲ್ಲಿ ನಡೆಯುತ್ತಿದ್ದವು. ತನ್ನ ಹೊಲದ ಕಾಗದ ಓದಿಸಲು ರೈತ ಇನ್ನೊಬ್ಬರ ಬಾಗಿಲಿಗೆ ಹೋಗಬೇಕಿತ್ತು. 1956ರ ನವೆಂಬರ್ 1ರಂದು ನಾಡು ಒಂದಾಯಿತು. 1963ರ ಕಾಯ್ದೆ ಕನ್ನಡವನ್ನು ರಾಜ್ಯದ ಆಡಳಿತ ಭಾಷೆ ಮಾಡಿತು. ಆದರೂ ಉರ್ದು ಕುಳಿತಿದ್ದ ಕುರ್ಚಿಯಲ್ಲಿ ನನ್ನಂಥವರು ಇಂಗ್ಲಿಷನ್ನು ಕೂಡಿಸಿದೆವು. ರೈತ ನಿಂತಲ್ಲೇ ನಿಂತ.

ಕೆಲವರ ಭಾಷೆಯಲ್ಲಿ ಬಂದಿಯಾಗಿದ್ದ ಧರ್ಮವನ್ನು ಶರಣರು ಮಾದಾರರ, ಅಂಬಿಗರ, ನೂಲುವವರ ಕನ್ನಡಕ್ಕೆ ತಂದರು. ಅವರ ಹೆಸರು ಹೇಳುವ ನಾವು ಜನರಿಗೆ ತಿಳಿಯದ ಕಾಗದಕ್ಕೆ ಸಹಿ ಹಾಕಿಸಬಹುದೇ?

ಇದು ಕನ್ನಡವೊಂದರ ಮಾತಲ್ಲ. ಆಳಂದದ ಗಡಿ ದಾಟಿದರೆ ಅಕ್ಕಲಕೋಟೆ. ಅಲ್ಲಿನ ಕನ್ನಡಿಗರು ಮರಾಠಿ ಆಡಳಿತದಲ್ಲಿ ಬಾಳುತ್ತಾರೆ. ಅಲ್ಲಿಯ ಕನ್ನಡ ಶಾಲೆ ಉಳಿಯಲಿ ಎನ್ನುವ ನಾವು ಇಲ್ಲಿಯ ಮರಾಠಿ, ಉರ್ದು, ಲಂಬಾಣಿ ಮನೆಗಳ ಮಕ್ಕಳಿಗೂ ಅದನ್ನೇ ಬಯಸಬೇಕು. ಸಂವಿಧಾನದ 350ನೇ ವಿಧಿಯಂತೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸಬಹುದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಒದಗಿಸಲು ರಾಜ್ಯ ಯತ್ನಿಸಬೇಕೆಂದು 350ಎ ವಿಧಿ ಹೇಳುತ್ತದೆ.

ಪೂಜ್ಯರಲ್ಲಿ ಒಂದು ಬಿನ್ನಹ. ವಾರಕ್ಕೊಂದು ಸಂಜೆ ದಾಸೋಹದ ನಂತರ ಮಠದ ಪಡಸಾಲೆಯಲ್ಲಿ ನಿವೃತ್ತ ನೌಕರರು ಕೂಡಲಿ. ಬ್ಯಾಂಕಿನದೋ, ಕೋರ್ಟಿನದೋ, ಯಾವ ಕಾಗದ ತಂದರೂ ಅವರವರ ನುಡಿಯಲ್ಲಿ ಓದಿ ಹೇಳಲಿ. ಸಹಿ ಆಮೇಲೆ. ಮೊದಲ ಸಂಜೆ ನಾನು ಬಂದು ಕೂಡುತ್ತೇನೆ. ಆ ಯಜಮಾನರ ಸಾಲ ನನ್ನ ಮೇಲಿದೆ.