ಬೋರ್ಡಿನ ಮೇಲೆ ಏನು ಬರೆಸೋಣ?

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಹಕಾರಿ ಉಪಾಹಾರ ಗೃಹಕ್ಕೆ ಹೆಸರು ಸಿಕ್ಕಿದೆ. ಹೆಸರಿನ ಕೆಳಗೆ ಬರೆಸುವ ಒಂದು ಸಾಲು ಇನ್ನೂ ಸಿಕ್ಕಿಲ್ಲ. ನಾಲ್ಕು ಮಾತು ಹುಡುಕಲು ಇಷ್ಟು ಸಭೆ ಯಾಕೆಂದು ಕೆಲವರು ನಗುತ್ತಿದ್ದೀರಿ. ನಗಬೇಡಿ. ಅಂಥ ನಾಲ್ಕು ಮಾತಿಗಾಗಿ ಬೈಗುಳ ತಿಂದವರು ನಾವು.

ನಾವು ಹುಡುಗರಾಗಿ ಟೇಬಲು ಒರೆಸುತ್ತಿದ್ದ ಒಂದು ಹೋಟೆಲಿನ ಬೋರ್ಡಿನಲ್ಲಿ ‘ಅಪ್ಪಟ ತುಪ್ಪದ ತಿಂಡಿ’ ಎಂದು ಬರೆದಿತ್ತು. ಒಳಗೆ ಬಾಣಲೆಯಲ್ಲಿ ಕಾಯುತ್ತಿದ್ದುದು ವನಸ್ಪತಿ. ಸಾಲು ಚೆನ್ನಾಗಿಯೇ ಇತ್ತು, ಗಿರಾಕಿಗಳ ಬಾಯಲ್ಲಿ ನಿಂತಿತ್ತು ಕೂಡ. ಅದೇ ತೊಂದರೆಯಾಯಿತು. ಶಿರಾ ಬಾಯಿಗಿಟ್ಟವನು ಮುಖ ಸಿಂಡರಿಸಿ, ಬೋರ್ಡು ತೋರಿಸಿ ಬೈಯುತ್ತಿದ್ದುದು ಗಲ್ಲಾದಲ್ಲಿ ಕೂತ ಧಣಿಗಳನ್ನಲ್ಲ, ನಮ್ಮನ್ನು.

ಒಳ್ಳೆಯ ಸಾಲು ಎಂದರೆ ಯಾವುದು? ಇದೇ ಮುಂಬಯಿಯಲ್ಲಿ 1966ರಲ್ಲಿ ಸಿಲ್ವೆಸ್ಟರ್ ಡಕುನ್ಹಾ ಎಂಬವರು ಅಮೂಲ್ ಬೆಣ್ಣೆಗೆ ‘ಅಟರ್ಲಿ ಬಟರ್ಲಿ ಡೆಲಿಶಿಯಸ್’ ಎಂಬ ಸಾಲು ಕೊಟ್ಟರು. ಚುಕ್ಕೆ ಚುಕ್ಕೆ ಫ್ರಾಕಿನ ಹುಡುಗಿಯನ್ನು ಯೂಸ್ಟೇಸ್ ಫರ್ನಾಂಡಿಸ್ ಚಿತ್ರಿಸಿದರು. ಬಟರ್ಲಿ ಎಂಬ ಶಬ್ದ ಇಂಗ್ಲಿಷ್ ವ್ಯಾಕರಣಕ್ಕೆ ಒಗ್ಗುವುದಿಲ್ಲವಂತೆ. ಏಳನೇ ಇಯತ್ತೆ ಓದಿದ ನಮಗೆ ಅದು ತಿಳಿಯಲಿಲ್ಲ, ಸಾಲು ಮಾತ್ರ ನೆನಪಿನಲ್ಲಿ ಉಳಿಯಿತು. ಪ್ರಾಸವಿದೆ; ಬೆಣ್ಣೆಯ ಹೆಸರೇ ಸಾಲಿನೊಳಗೆ ಕರಗಿದೆ. ಅದನ್ನು ಕಿತ್ತು ಇನ್ನೊಬ್ಬರ ಎಣ್ಣೆಗೆ ಅಂಟಿಸಲು ಬರುವುದಿಲ್ಲ. ಆ ಬೆಣ್ಣೆಯೂ ಹಾಲು ಹಾಕುವ ರೈತರ ಸಹಕಾರಿ ಸಂಘದ್ದೇ, ನೆನಪಿರಲಿ.

ಇನ್ನೊಂದು ಸಾಲು ನಿಮಗೆಲ್ಲ ಗೊತ್ತು: ಎಂಟು ಗಂಟೆ ದುಡಿಮೆ, ಎಂಟು ಗಂಟೆ ವಿನೋದ, ಎಂಟು ಗಂಟೆ ವಿಶ್ರಾಂತಿ. 1817ರ ಸುಮಾರಿಗೆ ಇದನ್ನು ಹೇಳಿದ ರಾಬರ್ಟ್ ಓವೆನ್ ಸ್ಕಾಟ್ಲೆಂಡಿನಲ್ಲಿ ಹತ್ತಿ ಗಿರಣಿ ನಡೆಸಿದ ಮಾಲೀಕರು! ಮೂರು ಎಂಟು ಕೂಡಿದರೆ ಒಂದು ದಿನ, ಮರೆಯುವುದು ಹೇಗೆ? ಹೋಟೆಲಿನಲ್ಲಿ ಮಾತ್ರ ಆ ಲೆಕ್ಕ ಕೂಡುತ್ತಿಲ್ಲ. ಅದಕ್ಕೆ ಬೇರೆ ಭಾಷಣವೇ ಬೇಕು.

ಈಗ ನಮ್ಮ ಬೋರ್ಡು. ‘ಶುಚಿ, ರುಚಿ’ ಬೇಡವೆಂದೆವು. ಯಾವ ಹೋಟೆಲಿಗಾದರೂ ಅಂಟುವ ಮಾತು ಅದು. ‘ಬಡಿಸುವವರೇ ಧಣಿಗಳು’ ಎಂಬುದು ಹಲವರಿಗೆ ಹಿಡಿಸಿತು. ಮರಾಠಿಯಲ್ಲಿಯೂ ಸರಾಗವಾಗಿ ಬರುತ್ತದೆ. ಆದರೆ ಅಡಿಗೆಯ ಭಟ್ಟರು ಎದ್ದು, “ಹಾಗಾದರೆ ಒಲೆಯ ಮುಂದೆ ಬೇಯುವವನು ಯಾರು ಮಾರಾಯ್ರೆ?” ಎಂದು ಕೇಳಿದರು. ಕೇಳಬೇಕಾದ್ದೇ. ‘ದುಡಿಯುವವರೇ ಧಣಿಗಳು’ ಎಂದು ತಿದ್ದಿದೆವು. ಬಾಯಿಗೂ ಸುಲಭ, ನಮ್ಮನ್ನು ಬಿಟ್ಟು ಪಕ್ಕದ ಹೋಟೆಲಿನವರು ಬರೆಸಲಾರರು.

ಆದರೆ ಪಾತ್ರೆ ತೊಳೆಯುವ ಇಬ್ಬರಿಗೆ ಶೇರು ಕೊಡುವ ಠರಾವು ಎರಡು ಸಭೆಗಳಿಂದ ಮುಂದಕ್ಕೆ ಹೋಗುತ್ತಲೇ ಇದೆ. ಅವರ ಕೈಯಲ್ಲಿ ಒಟ್ಟಿಗೆ ಹಣವಿಲ್ಲ, ಕಂತಿನಲ್ಲಿ ಕಟ್ಟುತ್ತೇವೆ ಎನ್ನುತ್ತಾರೆ. ಅವರನ್ನು ಹೊರಗಿಟ್ಟು ಈ ಸಾಲು ಬರೆಸಿದರೆ ಇದೂ ಆ ತುಪ್ಪದ ಬೋರ್ಡೇ. ಪೇಂಟರು ಗುರುವಾರ ಬರುತ್ತಾನೆ. ಆ ಠರಾವನ್ನು ಇಂದೇ ಮತಕ್ಕೆ ಹಾಕಬೇಕೆಂದು ಅಧ್ಯಕ್ಷರಲ್ಲಿ ಕೇಳಿಕೊಳ್ಳುತ್ತೇವೆ. ಪಾಸಾಗದಿದ್ದರೆ ಅವನು ಹೆಸರಷ್ಟೇ ಬರೆದು ಹೋಗಲಿ. ಕೆಳಗಿನ ಜಾಗ ಖಾಲಿ ಇರಲಿ.